ರಾತ್ರಿ ತೋಟದ ಪೊದೆಗಪ್ಪೆ ಫೋಟೋ: ಪುಟ್ಟ ಕ್ಯಾಮೆರಾದಲ್ಲಿ ಬರೀ ಮಸುಕು, ಏನು ಮಾಡಲಿ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಮಳೆ ಹಿಡಿದ ಮೇಲೆ ಕತ್ತಲಾಯಿತು ಅಂದರೆ ಏಲಕ್ಕಿ ಗಿಡಗಳ ಮೇಲೆ ಪೊದೆಗಪ್ಪೆಗಳು ಕೂಗಲು ಶುರು ಮಾಡುತ್ತವೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ನನ್ನ ಹತ್ತಿರ ಇರುವುದು ಒಲಿಂಪಸ್ ಟಿಜಿ-6, ಮಳೆಗೆ ಹೆದರಬೇಕಿಲ್ಲ ಅಂತ ಅದನ್ನೇ ತಗೊಂಡೆ. ಹಗಲು ಹೂವು, ಹುಳ ಎಲ್ಲ ಚೆನ್ನಾಗಿ ಬರುತ್ತವೆ. ರಾತ್ರಿ ಮಾತ್ರ ಆಗುತ್ತಿಲ್ಲ. ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡು, ಎರಡಡಿ ದೂರ ನಿಂತು, ಪೂರ್ತಿ ಝೂಮ್ ಮಾಡಿ ತೆಗೆಯುತ್ತೇನೆ. ಫ್ಲ್ಯಾಶ್ ಹಾಕಿದರೆ ಒದ್ದೆ ಮೈ ಬೆಳ್ಳಗೆ ಹೊಳೆದು ಬಣ್ಣವೇ ಹೋಗುತ್ತದೆ. ಹಾಕದಿದ್ದರೆ ಮಸುಕು, ಜೊತೆಗೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ನಿನ್ನೆ 140 ಫೋಟೋ ತೆಗೆದೆ, ಒಂದರಲ್ಲೂ ಕಣ್ಣು ಸ್ಪಷ್ಟ ಇಲ್ಲ. ಬೇರೆ ಕ್ಯಾಮೆರಾ ತಗೊಳ್ಳಬೇಕಾ?

ಮಳೆಹುಳು:
ಬೇಡವೇ ಬೇಡ. ಮೊದಲು ಆ ಝೂಮ್ ಬಿಡಿ. ಈ ಲೆನ್ಸ್ ಝೂಮ್ ಇಲ್ಲದಾಗ ಎಫ್/2.0, ಪೂರ್ತಿ ಎಳೆದಾಗ ಎಫ್/4.9 (ಈ ಅಂಕಿ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಚಿಕ್ಕದು), ಅಂದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಿಗೆ ಇಳಿಯಿತು. ಆ ಕೊರತೆ ತುಂಬಲು ಕ್ಯಾಮೆರಾ ಐಎಸ್‌ಒ ಏರಿಸುತ್ತದೆ (ಅಂದರೆ ಸಿಕ್ಕ ಬೆಳಕನ್ನೇ ಹಿಗ್ಗಿಸುತ್ತದೆ), ನೀವು ಹೇಳಿದ ರವೆ ಅದೇ. ಶಟರ್ ಕೂಡ ನಿಧಾನ ಆಗುತ್ತದೆ, ಅಷ್ಟು ಹೊತ್ತಿನಲ್ಲಿ ಕೈ ಅಲುಗಿದರೆ ಮಸುಕು.

ಆ 140 ಫೋಟೋ ಅಳಿಸಬೇಡಿ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿ. ಎಲೆ ಮೇಲಿನ ನೀರಿನ ಹನಿಗಳೆಲ್ಲ ಒಂದೇ ಕಡೆಗೆ ಎಳೆದ ಹಾಗೆ ಕಂಡರೆ ನಿಮ್ಮ ಕೈ ಅಲುಗಿದೆ. ಹನಿ ಸ್ಪಷ್ಟವಾಗಿದ್ದು ಕಣ್ಣು ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಕಣ್ಣು ಸರಿ ಇದ್ದು ಗಂಟಲು ಮಾತ್ರ ಮಸುಕಾಗಿದ್ದರೆ ಕಪ್ಪೆ ಕೂಗುತ್ತಿತ್ತು ಅಂತ ಅರ್ಥ, ಅದು ತಪ್ಪೇ ಅಲ್ಲ.

ಈಗ ಮೈಕ್ರೋಸ್ಕೋಪ್ ಮೋಡ್ (ತೀರಾ ಹತ್ತಿರದಿಂದ ತೆಗೆಯುವ ಸೆಟ್ಟಿಂಗ್) ಹಾಕಿ, ಲೆನ್ಸನ್ನು ನಾಲ್ಕೈದು ಸೆಂಟಿಮೀಟರ್ ತನಕ ತುಂಬಾ ನಿಧಾನವಾಗಿ ಒಯ್ಯಿರಿ. 1 ಸೆಂ.ಮೀ. ತನಕವೂ ಫೋಕಸ್ ಆಗುತ್ತದೆ, ಆದರೆ ಅಷ್ಟು ಹತ್ತಿರ ಲೆನ್ಸಿನ ನೆರಳೇ ಬೀಳುತ್ತದೆ, ಕಪ್ಪೆಯೂ ಹಾರಿ ಹೋಗುತ್ತದೆ. ಫೋಕಸ್ ಚುಕ್ಕಿ ಕಣ್ಣಿನ ಮೇಲೇ ಇರಲಿ. ಒಂದು ಕೋಲು ನೆಲಕ್ಕೆ ಊರಿ, ಕೋಲನ್ನೂ ಕ್ಯಾಮೆರಾವನ್ನೂ ಸೇರಿಸಿ ಹಿಡಿಯಿರಿ. ಒತ್ತುವಾಗ ಒಂದೊಂದೇ ಬೇಡ, ಒಂದೇ ಸಲಕ್ಕೆ ಐದಾರು ತೆಗೆಯಿರಿ. ಮೈ ಎಳ್ಳಷ್ಟು ಹಿಂದೆ ಮುಂದೆ ಆಗುವುದರಲ್ಲಿ ಒಂದಾದರೂ ಕಣ್ಣಿಗೆ ಸರಿಯಾಗಿ ಕೂರುತ್ತದೆ.

ಡಬ್ಬಿಮುಚ್ಚಳ:
ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಪ್ರಕಾರ ಅಸಲಿ ವಿಷಯ ಬೆಳಕು. ಫ್ಲ್ಯಾಶ್ ಬಿಡಬೇಡಿ, ಅದನ್ನು ಮೆತ್ತಗೆ ಮಾಡಿ. ಫ್ಲ್ಯಾಶ್ ಮಿಂಚುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಹಾಗಾಗಿ ಕೈ ನಡುಗಿದರೂ ಎಲೆ ಅಲುಗಿದರೂ ಫೋಟೋ ನಿಲ್ಲುತ್ತದೆ, ಐಎಸ್‌ಒ 200 ಸಾಕು. ತೊಂದರೆ ಏನಂದರೆ ಅದು ಸಾಸಿವೆಯಷ್ಟು ಜಾಗದಿಂದ ಬರುತ್ತದೆ, ಒದ್ದೆ ಚರ್ಮದ ಮೇಲೆ ಕನ್ನಡಿ ಹಿಡಿದ ಹಾಗೆ ಹೊಳೆಯುತ್ತದೆ. ಈ ಕ್ಯಾಮೆರಾಗೆ ಅಂತಲೇ ಎಫ್‌ಡಿ-1 ಅನ್ನೋ ಡಿಫ್ಯೂಸರ್ (ಬೆಳಕನ್ನು ಹರಡಿ ಮೆತ್ತಗೆ ಮಾಡುವ ಮುಚ್ಚಳ) ಇದೆ, ಲೆನ್ಸಿನ ಸುತ್ತ ಕೂರುತ್ತದೆ. ಸಿಗದಿದ್ದರೆ ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳಕ್ಕೆ ಲೆನ್ಸಿನಷ್ಟು ತೂತು ಮಾಡಿ, ಫ್ಲ್ಯಾಶ್ ಪೂರ್ತಿ ಮುಚ್ಚುವ ಹಾಗೆ ಸಿಕ್ಕಿಸಿ. ನಾನು ಎರಡು ಮಳೆಗಾಲ ಅದರಲ್ಲೇ ಕಳೆದಿದ್ದೇನೆ. ಫೋಕಸ್ ಮಾಡಲು ಮಾತ್ರ ಸಣ್ಣ ಬ್ಯಾಟರಿ ಪಕ್ಕದಿಂದ ಹಿಡಿಯಿರಿ, ನೆತ್ತಿ ಮೇಲಿಂದ ಬೇಡ, ಕತ್ತಲಲ್ಲಿ ಕ್ಯಾಮೆರಾಗೂ ಕಣ್ಣು ಕಾಣಬೇಕಲ್ವಾ. ಅಂದಹಾಗೆ ಲೆನ್ಸ್ ಮೇಲೆ ಹಬೆ ಕೂತಿದೆಯಾ ಅಂತ ಆಗಾಗ ನೋಡಿ. ನನಗೆ ಒಂದು ಇಡೀ ರಾತ್ರಿಯ ಫೋಟೋ ಅದರಿಂದಲೇ ಹೋಯಿತು.

ಕಾನಂಚು:
ಒಂದು ಮಾತು ಸೇರಿಸುತ್ತೇನೆ, ದಯವಿಟ್ಟು ಯಾರೂ ಬೇಜಾರು ಮಾಡ್ಕೋಬೇಡಿ. ಕೂಗುತ್ತಿರುವುದು ಗಂಡು, ಹೆಣ್ಣನ್ನು ಕರೆಯುತ್ತಿದೆ. ಅದು ಕೂಗು ನಿಲ್ಲಿಸಿದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ. ಬೆಳಕು ಆರಿಸಿ, ಎರಡು ಹೆಜ್ಜೆ ಹಿಂದೆ ಬಂದು ಕೂತುಕೊಳ್ಳಿ. ಒಂದು ಕಪ್ಪೆಗೆ ಏಳೆಂಟು ಫ್ಲ್ಯಾಶ್ ಸಾಕು. ಕೈಯಲ್ಲಿ ಹಿಡಿದು ಒಳ್ಳೆ ಎಲೆ ಮೇಲೆ ಕೂರಿಸುವುದಂತೂ ಬೇಡವೇ ಬೇಡ. ಅವು ಚರ್ಮದಿಂದಲೂ ಉಸಿರಾಡುತ್ತವೆ, ನಮ್ಮ ಕೈಗೆ ಸೊಳ್ಳೆ ಎಣ್ಣೆ, ಇಂಬಳಕ್ಕೆ ಹಚ್ಚಿದ ಸುಣ್ಣ, ಉಪ್ಪು ಎಲ್ಲ ಮೆತ್ತಿರುತ್ತದೆ. ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ ಗೊತ್ತಲ್ವಾ, ನಮ್ಮ ಉತ್ತರ ಕನ್ನಡದ ಕತ್ತಲೆಕಾನು ಅನ್ನೋ ಕಾಡಿನದು, ಹೊಸ ಜಾತಿ ಅಂತ ಹೆಸರಿಟ್ಟಿದ್ದು 2014ರಲ್ಲಿ. ಅಂಥದ್ದು ಕಣ್ಣಿಗೆ ಬೀಳಬೇಕಾದರೆ ಅದರ ಪಾಡಿಗೆ ಅದನ್ನು ಬಿಟ್ಟು ಕೂರಬೇಕು.

ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಫೋಟೋ ನೋಡಿದೆ, ಮುಕ್ಕಾಲು ಪಾಲು ಕೈ ಅಲುಗಿದ್ದೇ. ನಿನ್ನೆ ಮುಚ್ಚಳ ಸಿಕ್ಕಿಸಿ, ಝೂಮ್ ಮಾಡದೆ, ಕೋಲು ಊರಿ ಕೂತೆ. ಮೊದಲ ಕಪ್ಪೆ ಕೂಗು ನಿಲ್ಲಿಸಿತು, ಬೆಳಕು ಆರಿಸಿ ಹಿಂದೆ ಬಂದೆ. ಹತ್ತು ನಿಮಿಷ ಆದ ಮೇಲೆ ಅದೇ ಮತ್ತೆ ಶುರು ಮಾಡಿತು. ಏಳು ಫೋಟೋ ತೆಗೆದೆ, ಎರಡು ಬಂದಿವೆ. ಕಣ್ಣಿನ ಸುತ್ತ ಚಿನ್ನದ ಬಣ್ಣದ ತೆಳು ಗೆರೆ ಇದೆ, ಇಷ್ಟು ವರ್ಷ ಇದೇ ತೋಟದಲ್ಲಿ ಓಡಾಡಿದರೂ ನನಗೆ ಗೊತ್ತೇ ಇರಲಿಲ್ಲ. ಒಂದು ಕಡೆ ಗಲ್ಲ ಮಾತ್ರ ಇನ್ನೂ ಹೊಳೆಯುತ್ತಿದೆ. ಮುಚ್ಚಳಕ್ಕೆ ಒಳಗಿಂದ ಒಂದು ಪದರ ಬಟರ್ ಪೇಪರ್ ಅಂಟಿಸಿದರೆ ಸರಿ ಹೋಗಬಹುದಾ?

ಡಬ್ಬಿಮುಚ್ಚಳ:
ಹೋಗುತ್ತದೆ. ಮುಚ್ಚಳಕ್ಕೂ ಫ್ಲ್ಯಾಶಿಗೂ ನಡುವೆ ಒಂದು ಬೆರಳು ಜಾಗ ಬಿಡಿ, ಇನ್ನೂ ಮೆತ್ತಗಾಗುತ್ತದೆ.