ರೀಸೆಟ್, ರೀಇನ್‌ಸ್ಟಾಲ್, ರೀಸ್ಟೋರ್: ಮೂರಕ್ಕೂ ‘ಮರುಸ್ಥಾಪನೆ’ ಸಾಕೇ?

ಪ್ರಶ್ನೆ: ಕಚೇರಿಯವರು ತಮ್ಮ ಇಮೇಜ್ (ವಿಂಡೋಸ್, ತಂತ್ರಾಂಶಗಳೆಲ್ಲ ಸೇರಿದ ಸಿದ್ಧ ಪ್ರತಿ) ಹಾಕಿರುವ ಲ್ಯಾಪ್‌ಟಾಪಿಗೆ ಅದರ ಒರಿಜಿನಲ್ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ತರುವ ಬಗೆಯನ್ನು ತಿಳಿಸುವ ಕೈಪಿಡಿ ಕನ್ನಡಕ್ಕೆ ಬರಬೇಕಿದೆ. ರೀಸೆಟ್, ರೀಇನ್‌ಸ್ಟಾಲ್, ರೀಸ್ಟೋರ್ ಎಲ್ಲಕ್ಕೂ ‘ಮರುಸ್ಥಾಪನೆ’ ಎಂದರೆ ನಡೆಯುತ್ತದೆಯೇ? ಇಮೇಜನ್ನು ಮತ್ತೆ ಹಾಕುವ ರೀಇಮೇಜ್‌ಗೆ ‘ಮರುಚಿತ್ರಣ’ ಸರಿಯೇ?

ಉತ್ತರ: ನಡೆಯುವುದಿಲ್ಲ. ತೊಡಕಿರುವುದು ‘ಮರು’ವಿನಲ್ಲೇ. ‘ಮರುಮುದ್ರಣ’ದಲ್ಲಿ ಅದು ‘ಇನ್ನೊಮ್ಮೆ’, ‘ಮರುಪಾವತಿ’ಯಲ್ಲಿ ‘ಹಿಂದಕ್ಕೆ’. ಇನ್‌ಸ್ಟಾಲ್‌ಗೆ ‘ಸ್ಥಾಪನೆ’ ಎಂದು ಒಪ್ಪಿದ ಮೇಲೆ ‘ಮರುಸ್ಥಾಪನೆ’ಗೆ ಎರಡೂ ಅರ್ಥ ಅಂಟಿಕೊಳ್ಳುತ್ತವೆ. ಬೇರೆ ಕಡೆ ಸಂದರ್ಭ ನೋಡಿ ತಿಳಿದುಕೊಳ್ಳಬಹುದು, ಇಲ್ಲಿ ಓದುಗ ತಪ್ಪು ಗುಂಡಿ ಒತ್ತುತ್ತಾನೆ.

ರೀಸೆಟ್ ಮಾಡಿದರೆ ವಿಂಡೋಸ್ ಈಗ ಡಿಸ್ಕಿನಲ್ಲಿರುವ ಆವೃತ್ತಿಯನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಕಚೇರಿಯ ಇಮೇಜ್‌ನಲ್ಲಿ ಸಂಸ್ಥೆಗಳಿಗೆಂದೇ ಇರುವ ಎಂಟರ್‌ಪ್ರೈಸ್ ಆವೃತ್ತಿ ಇದ್ದರೆ ಎಂಟರ್‌ಪ್ರೈಸೇ ಉಳಿಯುತ್ತದೆ. ಇದಕ್ಕೆ ಫೋನುಗಳಲ್ಲಿ ಆಗಲೇ ಬಳಕೆಯಲ್ಲಿರುವ ‘ಮರುಹೊಂದಿಸು’ ಸಾಕು.

ರೀಇನ್‌ಸ್ಟಾಲ್ ಎಂದರೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವಿನಲ್ಲಿ ಮೈಕ್ರೋಸಾಫ್ಟಿನ ಸೆಟಪ್ ಬರೆದು, ಅದರಿಂದಲೇ ಯಂತ್ರವನ್ನು ಬೂಟ್ (ಚಾಲೂ) ಮಾಡಿ, ಡಿಸ್ಕಿನ ಹಳೆಯ ಪಾರ್ಟಿಷನ್‌ಗಳನ್ನು (ವಿಭಾಗಗಳನ್ನು) ಅಳಿಸಿ ಹೊಸದಾಗಿ ಹಾಕುವುದು. 2012ರ ವಿಂಡೋಸ್ 8ರಿಂದೀಚೆಗೆ ವಿಂಡೋಸ್ ಸಮೇತ ಮಾರಾಟವಾದ ಯಂತ್ರಗಳ ಕೀ (ಪರವಾನಗಿ ಸಂಖ್ಯೆ) ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ, ಅಂದರೆ ಅದರೊಳಗೇ ಬರೆದಿರುವ ತಂತ್ರಾಂಶದಲ್ಲೇ ಇರುತ್ತದೆ. ಸಾಮಾನ್ಯ ಸೆಟಪ್ ಅದನ್ನು ಓದಿ ಹೋಮ್ ಅಥವಾ ಪ್ರೊ ಯಾವುದೆಂದು ತಾನೇ ಆರಿಸಿಕೊಳ್ಳುತ್ತದೆ. ಡಿಸ್ಕೇ ಕಾಣದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಇಂಟೆಲ್ ಯಂತ್ರಗಳಲ್ಲಿ ಬಹಳ ಸಲ ಡಿಸ್ಕನ್ನು ನಿಭಾಯಿಸುವ ವಿಎಂಡಿ ಡ್ರೈವರನ್ನು ಪೆನ್‌ಡ್ರೈವಿನಿಂದ ಲೋಡ್ ಮಾಡಬೇಕಾಗುತ್ತದೆ. ಇದಕ್ಕೆ ‘ಮತ್ತೆ ಹಾಕು’ ಎಂದರೆ ಸಾಕು. ಜನ ಓಎಸ್ ‘ಹಾಕಿಸು’ವವರೇ ಹೊರತು ‘ಸ್ಥಾಪಿಸು’ವವರಲ್ಲ. ಮಾತಿನ ‘ಫಾರ್ಮ್ಯಾಟ್ ಹೊಡೆ’ ಮಾತ್ರ ಕೈಪಿಡಿಗೆ ಬೇಡ. ಫಾರ್ಮ್ಯಾಟ್ ಈ ಕೆಲಸದ ಒಂದು ಹಂತವಷ್ಟೇ.

ಯಂತ್ರ ತಯಾರಕರು ಕೊಟ್ಟಿದ್ದ ಸ್ಥಿತಿಗೇ, ಅವರ ಡ್ರೈವರು, ತಂತ್ರಾಂಶಗಳ ಸಮೇತ ತರುವುದು ರೀಸ್ಟೋರ್. ಇದಕ್ಕೆ ‘ಮರಳಿಸು’ ಒಪ್ಪುತ್ತದೆ. (ಮರಳು ಎಂದರೆ ಉಸುಕೂ ಹೌದು, ಕುದಿಯುವುದೂ ಹೌದು. ಆದರೆ ‘ಮೊದಲಿನ ಸ್ಥಿತಿಗೆ ಮರಳಿಸು’ ಎಂದಾಗ ಯಾರೂ ಎಡವುವುದಿಲ್ಲ.) ಕಚೇರಿಯ ಇಮೇಜ್ ಇಡೀ ಡಿಸ್ಕಿನ ಮೇಲೆ ಕೂರುವುದರಿಂದ ಹೀಗೆ ಮರಳಿಸಲೆಂದು ತಯಾರಕರು ಇಟ್ಟಿದ್ದ ರಿಕವರಿ ಪಾರ್ಟಿಷನ್ ಸಾಮಾನ್ಯವಾಗಿ ಅಳಿದಿರುತ್ತದೆ. ಡೆಲ್, ಲೆನೊವೊ, ಎಚ್‌ಪಿ ಯಂತ್ರಗಳಾದರೆ ಯಂತ್ರದ ಗುರುತಿನ ಸಂಖ್ಯೆ ಕೊಟ್ಟು ರಿಕವರಿ ಇಮೇಜ್ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್ 32 ಜಿಬಿಯದಿದ್ದರೆ ನಿಶ್ಚಿಂತೆ.

‘ಮರುಚಿತ್ರಣ’ ಎಂದರೆ ಸಿನಿಮಾದವರ ನೆನಪಾಗುತ್ತದೆ. ‘ಬಿಂಬ’ ಕನ್ನಡಿಯದು. ಒಂದೇ ಮಾದರಿಯನ್ನು ನೂರು ಯಂತ್ರಗಳಿಗೆ ಒತ್ತುವ ಕೆಲಸಕ್ಕೆ ‘ಪಡಿಯಚ್ಚು’ ಚೆನ್ನ. ಮೊದಲ ಸಲ ‘ಕಚೇರಿಯ ಪಡಿಯಚ್ಚು, ಅಂದರೆ ಇಮೇಜ್’ ಎಂದು ಬರೆದು ಮುಂದೆ ‘ಇಮೇಜ್’ ಎಂದೇ ಬಳಸಿ. ತೆರೆಯ ಮೇಲಿನ ಗುಂಡಿಗಳ ಹೆಸರನ್ನೂ ಅನುವಾದಿಸಬೇಡಿ, ಕಂಡಂತೆಯೇ ಕೊಡಿ.

ಕೈಪಿಡಿಯಲ್ಲಿ ಇನ್ನೆರಡು ಮಾತು ಇರಲಿ. ಪಾರ್ಟಿಷನ್ ಅಳಿಸಿದರೆ ಕಡತಗಳೂ ಹೋಗುತ್ತವೆ; ಬೇಕಾದ್ದನ್ನು ಮೊದಲೇ ನಕಲು ಮಾಡಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ಕಚೇರಿಯವರು ಯಂತ್ರವನ್ನು ಆಟೋಪೈಲಟ್‌ನಲ್ಲಿ (ಸಂಸ್ಥೆಯ ಯಂತ್ರಗಳನ್ನು ದೂರದಿಂದಲೇ ಸಿದ್ಧಗೊಳಿಸುವ ಮೈಕ್ರೋಸಾಫ್ಟಿನ ಸೇವೆ) ನೋಂದಾಯಿಸಿದ್ದರೆ ಡಿಸ್ಕ್ ಅಳಿಸಿಯೂ ಪ್ರಯೋಜನವಿಲ್ಲ: ಇಂಟರ್‌ನೆಟ್ ಸಿಕ್ಕೊಡನೆ ಅವರದೇ ಲಾಗಿನ್ ಪರದೆ ಬರುತ್ತದೆ. ಆ ನೋಂದಣಿಯನ್ನು ಅವರೇ ತೆಗೆಯಬೇಕು.

ಕೊನೆಗೆ, ‘ಒರಿಜಿನಲ್ ಓಎಸ್’ ಎಂದು ಹಾಗೇ ಬಿಡಬೇಡಿ. ಆಡುಮಾತಿನಲ್ಲಿ ‘ಒರಿಜಿನಲ್ ವಿಂಡೋಸ್’ ಎಂದರೆ ಕಳ್ಳಪ್ರತಿಯಲ್ಲದ್ದು. ಕಚೇರಿಯ ಎಂಟರ್‌ಪ್ರೈಸ್ ಕೂಡ ಆ ಲೆಕ್ಕದಲ್ಲಿ ಒರಿಜಿನಲ್ಲೇ. ‘ಯಂತ್ರದ ಜೊತೆ ಬಂದ ವಿಂಡೋಸ್’ ಎಂದು ಬರೆಯಿರಿ.