ಹೊಸ ಪಿಕಪ್‌ನಲ್ಲಿ ಬೆಲ್ಟ್ ಸವೆತ, ಸಹಾಯ ಬೇಕು

ನಮಸ್ಕಾರ, ನಾನು ಸೋಮವಾರಪೇಟೆ ಕಡೆಯವನು. ಕಾಫಿ ಮೂಟೆ ಸಾಗಿಸಲು ತಗೊಂಡ ಡೀಸೆಲ್ ಪಿಕಪ್‌ಗೆ ಇನ್ನೂ 7 ತಿಂಗಳು, ಓಡಿರುವುದು 11,000 ಕಿ.ಮೀ. ಬೆಳಿಗ್ಗೆ ಮಂಜಿನಲ್ಲಿ ಸ್ಟಾರ್ಟ್ ಮಾಡಿದರೆ ಕೀಚ್ ಅಂತ ಕಿರುಚುತ್ತದೆ, ಎರಡು ನಿಮಿಷಕ್ಕೆ ಸುಮ್ಮನಾಗುತ್ತದೆ.

ಬಾನೆಟ್ ಎತ್ತಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಗಾಲಿ, ಅದರ ಸುತ್ತ ಕಪ್ಪು ರಬ್ಬರ್ ಪುಡಿ. ಬೆಲ್ಟಿನ ಒಂದೇ ಅಂಚು ನೂಲು ಬಿಟ್ಟಿದೆ, ಬಿರುಕು ಎಲ್ಲೂ ಇಲ್ಲ. ನೀರು ಚಿಮುಕಿಸಿದರೆ ಸದ್ದು ಜಾಸ್ತಿ. ಅಂದರೆ ಬಿಗಿ ಸಾಲದು ಅಲ್ವಾ? ಅಂಚು ಸವೆದಿರುವುದು ನೋಡಿದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ನ ತೋಳೇ ವಾಲಿದೆ ಅಂತ ನನ್ನ ಅನುಮಾನ.

ಸರ್ವಿಸ್‌ನವರು ಟೆನ್ಷನರ್ ಮುಟ್ಟಿಯೂ ನೋಡಲಿಲ್ಲ. 'ಬೆಲ್ಟ್ ಸವೆಯುವ ಸಾಮಾನು, ನೀವು ಕೆಸರಲ್ಲಿ ಓಡಿಸಿದ್ದೀರಿ, ವಾರಂಟಿ ಬರಲ್ಲ' ಎಂದರು. ಕೊಡಗಿನ ಮಳೆಗಾಲದಲ್ಲಿ ಕೆಸರಿಲ್ಲದ ದಾರಿ ಎಲ್ಲಿಂದ ತರಲಿ? ಬೆಲ್ಟ್ ದುಡ್ಡು ಕೊಡಲು ನಾನು ತಯಾರು, ಆದರೆ ಹೊಸದೂ ಹೀಗೇ ಹೋದರೆ?

ಪುಲ್ಲಿ ನೇರ ಇದೆಯಾ ಅಂತ ಮನೆಯಲ್ಲೇ ಪಟ್ಟಿ ಇಟ್ಟು ನೋಡುವುದು ಹೇಗೆ? ಟೆನ್ಷನರನ್ನು ವಾರಂಟಿಯಲ್ಲಿ ಬದಲಾಯಿಸಿಕೊಂಡವರು ಯಾರಾದರೂ ಇದ್ದೀರಾ? ಸವೆದ ಬೆಲ್ಟಿನ ಫೋಟೋ ಹಾಕುತ್ತೇನೆ.