ಟ್ಯಾಂಕ್ ಬದಲಿಸಬೇಕಾ, ಇನ್ನೂ ನಡೆಯುತ್ತಾ? ಪ್ಲಂಬರ್‌ಗೆ ಕೇಳಿ

ಎಲ್.ಆರ್.: ಸರ್, 12 ವರ್ಷದ ಪ್ಲಾಸ್ಟಿಕ್ ಟ್ಯಾಂಕ್. ಕೈಯಾಡಿಸಿದರೆ ಬಿಳಿ ಪುಡಿ ಅಂಟುತ್ತೆ. ಬದಲಿಸಲೇಬೇಕಾ?

ಪ್ಲಂಬರ್: ಬಿಸಿಲಿಗೆ ಮೇಲ್ಪದರ ಸವೆದಿದೆ. ಅದೊಂದಕ್ಕೇ ಬದಲಿಸಬೇಡಿ. ಖಾಲಿ ಇದ್ದಾಗ ಗೋಡೆ ಒತ್ತಿ ನೋಡಿ. ಬಾಗಿ ವಾಪಸ್ ಬಂದರೆ ಸರಿ. ಚಟ್ ಅಂದರೆ, ಕೂದಲೆಳೆಯಂಥ ಬಿರುಕು ಕಂಡರೆ ಬದಲಿಸಿ.

ಜಿ.ಕೆ.: ನಮ್ಮ 1000 ಲೀಟರ್ ಟ್ಯಾಂಕ್ ಆಂಗಲ್ ಸ್ಟ್ಯಾಂಡ್ ಮೇಲೆ ಎರಡು ಹಲಗೆ ಹಾಕಿ ಇಟ್ಟಿದ್ದು. ನಡುವೆ ತಳ ಜೋತುಬಿದ್ದಿದೆ, ಔಟ್‌ಲೆಟ್ ಪಕ್ಕ ಸದಾ ಒದ್ದೆ. ಎಂ-ಸೀಲ್ ಹಚ್ಚಿದ್ದು ಎದ್ದುಬಂತು. ಕೆಳಗೇ ಮೆಟ್ಟಿಲು.

ಪ್ಲಂಬರ್: ಜಿ.ಕೆ. ಅವರೇ, ಇವತ್ತೇ ಖಾಲಿ ಮಾಡಿ. ತುಂಬಿದರೆ ಬರೀ ನೀರೇ 1000 ಕೆಜಿ. ತಳಕ್ಕೆ ಪೂರ್ತಿ ಆಸರೆ ಇಲ್ಲದಿದ್ದರೆ ತುಂಬಿದಾಗ ಜೋಲುತ್ತೆ, ಖಾಲಿಯಾದಾಗ ಮೇಲೇಳುತ್ತೆ. ಔಟ್‌ಲೆಟ್ ಹತ್ತಿರ ಮಾತ್ರ ಪೈಪು ಬಿಗಿಹಿಡಿದಿರುತ್ತೆ, ಹಾಗಾಗಿ ಸೀಳು ಆ ತೂತಿನ ಅಂಚಿನಿಂದಲೇ ಶುರು. ಟ್ಯಾಂಕಿನ ಪ್ಲಾಸ್ಟಿಕ್ ಪಾಲಿಥಿಲೀನ್, ಅದಕ್ಕೆ ಎಂ-ಸೀಲ್ ಹಿಡಿಯಲ್ಲ, ಎಷ್ಟು ಉಜ್ಜಿ ಹಚ್ಚಿದ್ರೂ ಏಳುತ್ತೆ. ಹೊಸ ಟ್ಯಾಂಕಾದರೆ ಅದೇ ಪ್ಲಾಸ್ಟಿಕ್‌ನ ಕಡ್ಡಿಯಿಂದ ಬಿಸಿಗಾಳಿ ವೆಲ್ಡಿಂಗ್ ಮಾಡಿಸಬಹುದು. ಬಿಸಿಲಲ್ಲಿ ಪೆಡಸಾದದ್ದು ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುತ್ತೆ. ಬದಲಿಸಿ. ಹೊಸದನ್ನೂ ಆ ಹಲಗೆ ಮೇಲೆ ಕೂರಿಸಿದರೆ ಅದೇ ಗತಿ. ಮಟ್ಟವಾದ ಕಾಂಕ್ರೀಟ್ ಹಾಸು ಬೇಕು, ಇಲ್ಲವೇ ತಳಕ್ಕಿಂತ ಅಗಲವಾದ, ಬಾಗದಂಥ ದಪ್ಪ ಕಬ್ಬಿಣದ ಶೀಟು. ಆಂಗಲ್‌ನ ವೆಲ್ಡಿಂಗ್ ಜಾಯಿಂಟ್ ತುಕ್ಕು ತಿಂದಿದೆಯಾ ನೋಡಿಸಿ. ಔಟ್‌ಲೆಟ್‌ಗೆ ಯೂನಿಯನ್ (ಪೈಪು ಕೊಯ್ಯದೇ ಬಿಚ್ಚಬಹುದಾದ ಜಾಯಿಂಟ್) ಹಾಕಿ. ಪೈಪಿನ ಭಾರ ಗೋಡೆಯ ಕ್ಲ್ಯಾಂಪ್ ಹೊರಬೇಕು, ಟ್ಯಾಂಕ್ ಅಲ್ಲ.

ಎಸ್.: ರಾತ್ರಿ ನೀರಿನ ಮಟ್ಟ ಇಳಿಯುತ್ತೆ. ಟ್ಯಾಂಕ್ ಹೋಯ್ತಾ?

ಬಿ.ಎನ್.: ಟ್ಯಾಂಕೇ. ಬದಲಿಸಿ.

ಎಂ.: ನೋಡದೇ ಹೇಗ್ ಹೇಳ್ತೀರಿ? ಟಾಯ್ಲೆಟ್ ಫ್ಲಶ್ ಸೋರ್ತಿರಬಹುದು.

ಬಿ.ಎನ್.: ಫ್ಲಶ್‌ನಲ್ಲಿ ಅಷ್ಟೊಂದು ನೀರು ಹೋಗುತ್ತಾ?

ಎಂ.: ರಾತ್ರಿಯಿಡೀ ಸೋರಿದರೆ ಯಾಕೆ ಹೋಗಲ್ಲ? ಗೊತ್ತಿಲ್ಲದಿದ್ರೆ ಸುಮ್ನಿರಿ.

ಪ್ಲಂಬರ್: ಇಬ್ಬರೂ ನಿಲ್ಲಿಸಿ. ಒಳಬರುವ, ಹೊರಹೋಗುವ ಎರಡೂ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ. ಆಗಲೂ ಇಳಿದರೆ ಟ್ಯಾಂಕ್ ಅಥವಾ ವಾಲ್ವ್‌ವರೆಗಿನ ಜಾಯಿಂಟ್. ಇಳಿಯದಿದ್ದರೆ ಮನೆಯೊಳಗಿನ ಲೈನು.

ಆರ್.: ಹಳೇ ಟ್ಯಾಂಕ್ ಕೊಯ್ದು ಗಿಡ ಬೆಳೆಸಬಹುದಾ?

ವಿ.: ಫಾರ್ವರ್ಡ್ ಬಂದಿದೆ, ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಬೆರೆಸಿ ಸುರಿದರೆ ಪಾಚಿ ಪೂರ್ತಿ ಹೋಗುತ್ತಂತೆ, ಹಳೇ ಟ್ಯಾಂಕೂ ಹೊಸದಾಗುತ್ತಂತೆ.

ಪ್ಲಂಬರ್: ಬೆರೆಸಲೇಬೇಡಿ! ಕ್ಲೋರಿನ್ ಅನಿಲ ಏಳುತ್ತೆ. ಟ್ಯಾಂಕಿನೊಳಗೆ ಬಗ್ಗಿದವರ ಉಸಿರಿಗೇ ಅಪಾಯ. ಇಂಥದ್ದನ್ನ ದಯವಿಟ್ಟು ಇಲ್ಲಿ ಹಾಕಬೇಡಿ. ಮೊದಲು ಬ್ರಷ್‌ನಿಂದ ಉಜ್ಜಿ ಕೆಸರು ತೆಗೆಯಿರಿ. 1000 ಲೀಟರ್ ತುಂಬಿಸಿ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) 1 ಲೀಟರ್ ಹಾಕಿ, 4 ಗಂಟೆ ಬಿಟ್ಟು ಪೂರ್ತಿ ಹೊರಬಿಡಿ, ತೊಳೆಯಿರಿ. ಪಾಚಿ ಮತ್ತೆ ಮತ್ತೆ ಬಂದರೆ ಮುಚ್ಚಳದ ಸಂದಿಯಿಂದಲೋ ತೆಳುವಾದ ಗೋಡೆಯಿಂದಲೋ ಬೆಳಕು ಒಳಗೆ ಬರ್ತಿದೆ ಅಂತ ಅರ್ಥ.

ಪಿ.: 10 ವರ್ಷದ ಟ್ಯಾಂಕ್, ಬಿಳಿ ಪುಡಿ. ಬದಲಿಸಬೇಕಾ?

ಪ್ಲಂಬರ್: ಮೇಲೆ ಓದಿ.

ಟಿ.: ಸಿಮೆಂಟ್ ಟ್ಯಾಂಕಿಗೆ ಕಂದು ಕಲೆ, ಚಕ್ಕೆ ಏಳ್ತಿದೆ.

ಪ್ಲಂಬರ್: ಸುತ್ತಿಗೆಯಿಂದ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಕಂಬಿ ತುಕ್ಕಾಗಿ ಉಬ್ಬಿದೆ. ಮೇಲೆ ಬಣ್ಣ ಬಳಿದರೆ ಆಗಲ್ಲ, ಇಂಜಿನಿಯರ್‌ಗೆ ತೋರಿಸಿ. ಜಿ.ಕೆ., ಖಾಲಿ ಮಾಡಿದ್ರಾ?

ಜಿ.ಕೆ.: ಅರ್ಧಕ್ಕೆ ಇಳಿಸಿದೀನಿ.

ಪ್ಲಂಬರ್: ಅರ್ಧ ಅಂದ್ರೂ 500 ಕೆಜಿ. ಪೂರ್ತಿ ಬಿಡಿ, ಮೋಟಾರ್ ಸ್ವಿಚ್ ಮೇಲೆ ಚೀಟಿ ಅಂಟಿಸಿ.